ಓಹೋಟಿ ರಾಯರು

ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ನೌಕರರ ಕಾಲೊನಿಯಲ್ಲಿ ಸೆಕ್ಟರಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ವಾರವಿಡೀ ಫೈಲುಗಳ ಹಿಂದೆ ಕಾಣದಂತಿರುವ ಮನುಷ್ಯ ಶನಿವಾರ ಸಂಜೆ ದಂಡನಾಯಕನಾಗಿಬಿಡುತ್ತಾನೆ. ಅಕ್ಕಪಕ್ಕದ ಮನೆಗಳಿಗೆ ಹುಕುಂ ಹೊರಡುತ್ತದೆ: ನಾಳೆ ಪ್ರವಾಸ, ನಾಲ್ಕಕ್ಕೆ ಏಳಬೇಕು. ನಮ್ಮ ಸೆಕ್ಟರಿನಲ್ಲಿ ಈ ಪದವಿ ಕುಂದಾಪುರ ಕಡೆಯ, ಆಡಿಟ್ ವಿಭಾಗದ ರಾಯರದು. ಕೆಳಗೆ ಕ್ರಿಕೆಟ್ ಆಡುವ ಮರಾಠಿ ಹುಡುಗರು ಅವರನ್ನು ಓಹೋಟಿ ಕಾಕಾ, ಅಂದರೆ ಇಳಿತದ ಕಾಕಾ ಎನ್ನುತ್ತಾರೆ. ಸಮುದ್ರ ಎಷ್ಟು ಗಂಟೆಗೆ ಇಳಿಯುತ್ತದೆಂದು ಅವರನ್ನು ಕೇಳದೆ ಇಲ್ಲಿ ಯಾರೂ ಅಲಿಬಾಗಿಗೆ ಹೋಗುವುದಿಲ್ಲ. ಕೇಳಿದ ಮೇಲೆ ಹೋಗುವುದೇ ಕಷ್ಟ, ಆ ಮಾತು ಬೇರೆ.

ರಾಯರ ವಿದ್ಯೆ ಕೋಲಿ ಮೀನುಗಾರರದು. ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಮುಂಬಯಿಯ ಉಬ್ಬರದ ಗಂಟೆ ಸಿಗುತ್ತದೆ, ಅದಕ್ಕೆ ಆರು ಕೂಡಿಸಿದರೆ ಇಳಿತ. ಚೌತಿಗೆ ಮೂರಕ್ಕೆ ಉಬ್ಬರ, ಒಂಬತ್ತಕ್ಕೆ ಇಳಿತ. ಲೆಕ್ಕ ಹೆಚ್ಚುಕಡಿಮೆ ಸರಿಯೇ. ಅಲಿಬಾಗಿನ ಕೊಲಾಬಾ ಕೋಟೆ ನೀರಿನ ನಡುವೆ ನಿಂತಿರುವುದರಿಂದ ಇಳಿತ ಹಿಡಿದರೆ ಮಾತ್ರ ಅಲ್ಲಿಗೆ ನಡೆದು ಹೋಗಬಹುದು. ತೊಡಕು ಶುರುವಾಗುವುದು ಇಲ್ಲೇ. ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರ ಬಹುದೂರ ಹಿಂದೆ ಸರಿಯುತ್ತದೆ, ಆದರೆ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ. ಬೆಳಿಗ್ಗೆ ಆರಕ್ಕೆ ನಾವಿನ್ನೂ ಜಿಟಿಬಿ ನಗರ ಸ್ಟೇಷನ್ನಿನಲ್ಲಿ, ಸಂಜೆ ಆರಕ್ಕೆ ಮಾಂಡ್ವಾ ಜೆಟ್ಟಿಯಲ್ಲಿ. ಸರಿಯಾಗಿ ನಡುಮಧ್ಯಾಹ್ನಕ್ಕೆ ಇಳಿತ ಬರುವುದು ಅಷ್ಟಮಿಗೆ.

"ಅಷ್ಟಮಿ, ನವಮಿ ಮನೆಬಿಟ್ಟು ಹೊರಡಬಾರದು" ಎಂದು ರಾಯರ ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟರು. ಹೆಂಡತಿ ಕ್ಯಾಲೆಂಡರ್ ನೋಡಿ ಇನ್ನೊಂದು ಸೇರಿಸಿದರು: "ರೀ, ಭಾನುವಾರ ಹನ್ನೆರಡರಿಂದ ಒಂದೂವರೆ ಯಮಗಂಡ. ಆ ಹೊತ್ತಲ್ಲೇ ಸಮುದ್ರಕ್ಕೆ ಇಳೀಬೇಕಾ?" ಮೇಲಿಂದ ಹಾರ್ಬರ್ ಲೈನಿನ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್. ಚಂದ್ರ, ಯಮ, ರೈಲ್ವೆ ಮೂವರನ್ನೂ ಒಪ್ಪಿಸಿ ಒಂದು ತಾರೀಕು ತೆಗೆಯುವುದು ಸುಲಭವಲ್ಲ. ನನ್ನನ್ನು ಕೇಳಿದರೆ, ರಾಯರ ನಿಜವಾದ ಪ್ರವಾಸ ನಡೆಯುವುದು ಶನಿವಾರ ರಾತ್ರಿ, ಊಟದ ಮೇಜಿನ ಮೇಲೆ.

ಜಾಗ ತಲುಪಿದ ಮೇಲೆ ಅವರು ಇತಿಹಾಸಕ್ಕೆ ಇಳಿಯುತ್ತಾರೆ. ವಸಯಿ ಕೋಟೆಯಲ್ಲಿ ಬೇಗ ಮುಗಿಸುತ್ತಾರೆ: 1739ರಲ್ಲಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ಗೆದ್ದ, 1802ರಲ್ಲಿ ಎರಡನೇ ಬಾಜೀರಾಯ ಇಂಗ್ಲಿಷರಿಗೆ ಸಹಿ ಹಾಕಿಕೊಟ್ಟ, ನಡೆಯಿರಿ. ಅಲ್ಲಿ ಕನ್ನಡದವರ ಕೈವಾಡ ಸಿಕ್ಕಿಲ್ಲ ಎಂಬ ಬೇಸರ. ಅದೇ ಎಲಿಫೆಂಟಾಕ್ಕೆ ಹೋಗಿ ನೋಡಬೇಕು! ಗೇಟ್‌ವೇಯಲ್ಲಿ ದೋಣಿ ಹತ್ತಿದ ಕೂಡಲೇ ಐಹೊಳೆಯ 634ರ ಶಾಸನ ಬಿಚ್ಚಿಕೊಳ್ಳುತ್ತದೆ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಬಂದು ಪುರಿ ಎಂಬ ಪಟ್ಟಣವನ್ನು ಮುತ್ತಿದನೆಂದು ಅದರಲ್ಲಿ ರವಿಕೀರ್ತಿ ಬರೆದಿದ್ದಾನೆ. ಆ ಪುರಿ ಯಾವುದೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ, ಘಾರಾಪುರಿಯೇ, ಅಂದರೆ ಈ ಎಲಿಫೆಂಟಾವೇ ಎನ್ನುವವರೂ ಇದ್ದಾರೆ. ರಾಯರ ಮಟ್ಟಿಗೆ ಕಡತ ಮುಗಿದಿದೆ. "ನಮ್ಮವನು ಹಡಗಿನಲ್ಲಿ ಬಂದ, ನಾವು ಟಿಕೆಟ್ ತಗೊಂಡು ಬರ್ತಿದೀವಿ" ಎಂದು ಅವರು ಹೇಳುವಾಗ ಪಕ್ಕದ ಗುಜರಾತಿ ಕುಟುಂಬ ಗೌರವದಿಂದ ತಲೆಯಾಡಿಸುತ್ತದೆ.

ಬೀಚು ಎಂದರೆ ಅವರಿಗೆ ಬಸ್ಸಿಗೂ ಕೋಟೆಗೂ ನಡುವೆ ಬಿದ್ದಿರುವ ಮರಳು. ಒಂಟೆಗೆ, ಎಳನೀರಿಗೆ, ಬರ್ಫದ ಗೋಲಕ್ಕೆ ಅನುದಾನವಿಲ್ಲ. ಚಿತ್ರಾನ್ನ, ಮೊಸರನ್ನ, ಮಾಟುಂಗದಿಂದ ತಂದ ಬಾಳೆಲೆ, ಫ್ಲಾಸ್ಕಿನ ಕಾಫಿ ಮನೆಯಿಂದಲೇ ಬರುತ್ತವೆ. ಹೊತ್ತು ತರುವವರು ಹೆಂಗಸರು. ರಾಯರ ಕೈಯಲ್ಲಿ ಲೆಕ್ಕದ ಡೈರಿ.

ಕೊನೆಗೂ ಒಂದು ಭಾನುವಾರ ಅಮ್ಮನನ್ನು ಹೇಗೋ ಒಪ್ಪಿಸಿ ಅಷ್ಟಮಿಯಂದೇ ಕೊಲಾಬಾ ಕೋಟೆಗೆ ಹೊರಟೆವು. ಹನ್ನೆರಡಕ್ಕೆ ಸರಿಯಾಗಿ ದಡದಲ್ಲಿದ್ದೆವು. ಸಮುದ್ರವೂ ಅಲ್ಲೇ ಇತ್ತು. ಅಷ್ಟಮಿಗೆ ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ ಜಗ್ಗುವುದರಿಂದ ನೀರು ಇಳಿದರೂ ನೆಪಕ್ಕೆ ಇಳಿಯುತ್ತದೆ. ರಾಯರ ಸೂತ್ರ ಗಂಟೆ ಹೇಳುತ್ತಿತ್ತೇ ಹೊರತು ಆಳ ಹೇಳುತ್ತಿರಲಿಲ್ಲ.

ಘೋಡಾಗಾಡಿಗಳು ನೀರು ಸೀಳಿಕೊಂಡು ಕೋಟೆಗೆ ಓಡಾಡುತ್ತಿದ್ದವು. "ಹತ್ತು ನಿಮಿಷ ತಡೀರಿ, ಇಳಿಯತ್ತೆ" ಎಂದರು ರಾಯರು, ಪ್ಯಾಂಟು ಮಡಚಿ, ಗಡಿಯಾರ ನೋಡುತ್ತ. ಅವರ ಹೆಂಡತಿ ಸಮುದ್ರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಅಮ್ಮನನ್ನು ಗಾಡಿಗೆ ಹತ್ತಿಸಿದರು, ಮಕ್ಕಳನ್ನು ಹತ್ತಿಸಿದರು, ಮೊಸರನ್ನದ ಡಬ್ಬಿ ಹತ್ತಿಸಿದರು, ತಾವೂ ಹತ್ತಿದರು. ನಾವು ಇನ್ನೊಂದು ಗಾಡಿ ಹಿಡಿದೆವು.

ಸುತ್ತಲೂ ಉಪ್ಪುನೀರಿದ್ದರೂ ಕೋಟೆಯೊಳಗೆ ಸಿಹಿನೀರಿನ ಬಾವಿಯಿದೆ, ಮರಾಠಾ ನೌಕಾಪಡೆಯ ಆಂಗ್ರೆಯವರ ಕಾಲದ ಗಣಪತಿ ಗುಡಿಯಿದೆ. ಅಮ್ಮ ಗಣಪತಿಗೆ ಕೈಮುಗಿದು, ಯಮಗಂಡ ಮುಗಿಯುವವರೆಗೆ ಅಲ್ಲೇ ಕೂತರು. ಊಟವೂ ಅಲ್ಲೇ ಆಯಿತು. ವಾಪಸು ಬರುವಾಗ ನೀರು ಏರತೊಡಗಿತ್ತು. ರಾಯರು ನಿಂತಲ್ಲೇ ಇದ್ದರು. ಮಡಚಿದ ಪ್ಯಾಂಟು ಒದ್ದೆ.

"ಒಳಗೆ ಚೆನ್ನಾಗಿದೆ ರೀ" ಎಂದರು ಹೆಂಡತಿ, ಖಾಲಿ ಡಬ್ಬಿ ಅವರ ಕೈಗೆ ಕೊಡುತ್ತ.

ರಾಯರು ಡೈರಿ ತೆರೆದರು. "ಗಾಡಿಗೆ ಎಷ್ಟು ಕೊಟ್ಟಿರಿ? ರಸೀದಿ ಇದೆಯಾ?"