ಗೋಡೆಯ ಸಾಕೆಟ್‌ನಿಂದ ಶುರು ಮಾಡಿ ಅಕ್ಕಾ

ನಿಮ್ಮ ಮಗ ನಿನ್ನೆ ಸಂಜೆ ಕಾಂಪೌಂಡ್ ಹತ್ರ ನಿಂತು ಪಟ್ಟಿ ತೋರಿಸಿದ. ಬಿಡಿ ಸಾಮಾನು ತಂದು ಕಂಪ್ಯೂಟರನ್ನ ತಾನೇ ಜೋಡಿಸ್ತಾನಂತೆ. ಜೋಡಿಸಲಿ ಬಿಡಿ ಅಕ್ಕಾ, ಒಂದು ಮಧ್ಯಾಹ್ನದ ಕೆಲಸ ಅದು. ಕಷ್ಟ ಇರೋದು ಆರಿಸೋದರಲ್ಲಿ. ಪ್ರೊಸೆಸರ್ ಬಗ್ಗೆ ಒಂದು ಪುಟ, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಒಂದು ಪುಟ ಬರ್ಕೊಂಡಿದ್ದಾನೆ ಹುಡುಗ. ಅವಕ್ಕೆಲ್ಲ ಕರೆಂಟು ಕೊಡೋ ಎಸ್‌ಎಂಪಿಎಸ್ ಮುಂದೆ ಮಾತ್ರ ‘ಕ್ಯಾಬಿನೆಟ್ ಜೊತೆ ಬರುತ್ತೆ’ ಅಂತ ಒಂದೇ ಸಾಲು. ನನಗೆ ಎದೆ ಧಸಕ್ ಅಂದಿದ್ದು ಅಲ್ಲೇ. ನಮ್ಮ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಆರಿಸೋರು ಗೋಡೆಯ ಸಾಕೆಟ್ ಕಡೆಯಿಂದ ಒಳಕ್ಕೆ ಬರಬೇಕು ಅಂತೀನಿ ನಾನು. ಪ್ರೊಸೆಸರ್‌ದು ಆಮೇಲಿನ ಮಾತು.

ಕ್ಯಾಬಿನೆಟ್ ಮುಟ್ಟಿದ್ರೆ ಬೆರಳಿಗೆ ಝುಮ್ ಅನ್ನುತ್ತೆ ಅಂತ ಎಷ್ಟು ಮನೇಲಿ ಕೇಳಿಲ್ಲ ನಾವು? ಬರಿಗಾಲಲ್ಲಿ ನಿಂತಿದ್ರಂತೂ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಬದಲಾಯಿಸ್ತಾರೆ, ಹೊಸದೂ ಝುಮ್ ಅನ್ನುತ್ತೆ. ತಪ್ಪು ಅದರದ್ದಲ್ಲವಲ್ಲ! ಒಳಗೆ ಬರೋ ಕರೆಂಟಿನ ಗದ್ದಲ ಸೋಸೋದಕ್ಕೆ ಅದರಲ್ಲಿ ಪುಟ್ಟ ಕೆಪಾಸಿಟರ್‌ಗಳಿರ್ತವೆ. ಅವುಗಳ ಮೂಲಕ ಒಂದಿಷ್ಟು ಕರೆಂಟು ಕ್ಯಾಬಿನೆಟ್ಟಿನ ತಗಡಿಗೆ ಜಿನುಗ್ತಾ ಇರುತ್ತೆ. ಮೂರನೇ ಪಿನ್ನಿನ ಅರ್ಥಿಂಗ್ ಸರಿ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕಿಳಿಯುತ್ತೆ. ಇಲ್ಲದಿದ್ರೆ ತಗಡಿನ ಮೇಲೆ 230 ವೋಲ್ಟಿನ ಅರ್ಧದಷ್ಟು ಹಾಗೇ ನಿಂತುಬಿಡುತ್ತೆ. ಕರೆಂಟು ತೀರಾ ಕಮ್ಮಿ, ಅದಕ್ಕೇ ಬರೀ ಝುಮ್ ಅನ್ನೋದು. ಆದರೆ ಅರ್ಥಿಂಗ್ ಇಲ್ಲದ ಮನೇಲಿ ನಾಳೆ ಇನ್ಯಾವುದಾದ್ರೂ ನಿಜವಾಗಿ ಕೆಟ್ಟರೆ ಕಾಪಾಡೋರು ಯಾರು, ಅಲ್ವಾ?

ನಮ್ಮೂರಲ್ಲಿ ಅರ್ಥಿಂಗ್ ಸಿಗೋದೇ ಕಷ್ಟ ನೋಡಿ. ಗುಂಡಿ ತೋಡೋಕೆ ಹೋದ್ರೆ ಬಂಡೆ. ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ ಪೈಪ್ ಇಳಿಸಿದ್ರೂ ತೇವ ಇರಬೇಕಲ್ಲ? ಬೇಸಿಗೇಲಿ ಆ ಗುಂಡಿಗೆ ಆಗಾಗ ಒಂದು ಬಿಂದಿಗೆ ನೀರು ಹುಯ್ಯಬೇಕು. ಬಂಡೆಯೂರಲ್ಲಿ ನೀರು ನಿಲ್ಲಿಸೋದರ ಕಷ್ಟ ಪಾಳೇಗಾರರ ಕಾಲದೋರಿಗೆ ಚೆನ್ನಾಗಿ ಗೊತ್ತಿತ್ತು. ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ಒಂದು ಹನಿ ಪೋಲಾಗದ ಹಾಗೆ ಇಳಿಸಿದ್ರಲ್ಲ, ಎಂಥ ಲೆಕ್ಕಾಚಾರ ಅದು! ಚಿಕ್ಕೋರಿದ್ದಾಗ ಮಳೆ ಬಂದ ಮಾರನೇ ದಿನ ಹೊಂಡ ಎಷ್ಟು ತುಂಬಿದೆ ನೋಡೋಕೆ ಅಂತಲೇ ಹತ್ತಿ ಹೋಗ್ತಿದ್ವಿ. ಇನ್ನು 2022ರಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದಮೇಲೆ ಮೊದಲ ಸಲ, ಆವಾಗ ಮಾರಿಕಣಿವೆ ದಾರೀಲಿ ಕಾಲಿಡೋಕೆ ಜಾಗ ಇರಲಿಲ್ಲ. ಆ ಜಲಾಶಯದ ನಾಲೆ ಪಕ್ಕದ ತೋಟದ ಮನೆಯೋರಿಗೆ ಅರ್ಥಿಂಗ್ ಚಿಂತೆ ಅಷ್ಟಿರಲ್ಲ ಅನ್ನಿ, ನೆಲ ತಂಪಾಗಿರುತ್ತೆ.

ಎಲ್ಲಿದ್ದೆ? ಹಾಂ, ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುತ್ತಲ್ಲ, ಅದನ್ನ ಕೈಯಲ್ಲಿ ಎತ್ತಿ ನೋಡಲಿ. ಹಗುರವಾಗಿರುತ್ತೆ. ಮೇಲೆ 450 ವ್ಯಾಟ್ ಅಂತ ದಪ್ಪಕ್ಷರದಲ್ಲಿರುತ್ತೆ, ಅಷ್ಟು ಕೊಡೋ ಶಕ್ತಿ ಮಾತ್ರ ಇರಲ್ಲ. ‘80 ಪ್ಲಸ್ ಬ್ರಾಂಜ್’ ಗುರುತಿರೋ, ಹೆಸರಿರೋ ಕಂಪನೀದು ಬೇರೆ ತಗೋಬೇಕು. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಚೀಟಿ ಮೇಲೆ ಇದೆಯಾ ನೋಡಬೇಕು. ಹೊಸದುರ್ಗದ ಕಡೆ ತೆಂಗಿನ ತೋಟದಲ್ಲಿ ಮೋಟಾರೆಲ್ಲ ಒಟ್ಟಿಗೆ ಶುರುವಾದಾಗ ಮನೇಲಿ ದೀಪ ಮಂಕಾಗೋದು ಕಂಡಿದ್ದೀರಲ್ಲ? 200ರ ಕೆಳಗೆ ಇಳಿದ್ರೆ ಅಗ್ಗದ್ದು ಕೈ ಎತ್ತುತ್ತೆ, ಒಳ್ಳೇದು ಸುಮ್ಮನೆ ನಡ್ಕೊಂಡು ಹೋಗುತ್ತೆ. ಹುಡುಗ ಕ್ಯಾಬಿನೆಟ್ ತುಂಬ ಬಣ್ಣದ ಲೈಟಿಗೆ ದುಡ್ಡಿಟ್ಟಿದ್ದಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗಾಗಬಾರದು. ಆ ದುಡ್ಡು ಇಲ್ಲಿಗೆ ಬರಲಿ.

ಕ್ಯಾಬಿನೆಟ್ ಅಂದೆನಲ್ಲ, ಮುಂದೆ ಪೂರ್ತಿ ಗಾಜಿರೋದು ಬೇಡ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿದ್ದಾರಾ? ಆಷಾಢ ಬಂತೂ ಅಂದ್ರೆ ಕಿಟಕಿ ಮುಚ್ಚಿದ್ರೂ ಮೇಜಿನ ಮೇಲಿನ ಧೂಳಲ್ಲಿ ಬೆರಳಿಂದ ಹೆಸರು ಬರೀಬಹುದು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡೋ ರಸ್ತೆ ಪಕ್ಕದೋರ ಕಥೆ ಕೇಳೋದೇ ಬೇಡ. ಮುಂದೆ ಜಾಲರಿ, ಅದರ ಹಿಂದೆ ಕಳಚಿ ತೊಳೆಯೋ ಫಿಲ್ಟರ್, ಒಳಕ್ಕೆ ಗಾಳಿ ಎಳೆಯೋ ಫ್ಯಾನು ಎರಡು, ಹೊರಕ್ಕೆ ತಳ್ಳೋದು ಒಂದು. ಹೀಗಿದ್ರೆ ಒಳಗಿನ ಗಾಳಿ ಸಂದಿಗಳಿಂದ ಹೊರಕ್ಕೇ ಹೋಗ್ತಾ ಇರುತ್ತೆ, ಧೂಳು ಕಂಡಕಂಡ ಕಡೆಯಿಂದ ನುಗ್ಗಲ್ಲ. ಇದನ್ನ ಅವನಿಗೆ ಹೇಳಿದೆ, ಕಣ್ಣರಳಿಸಿ ಕೇಳಿದ.

ಪ್ರೊಸೆಸರ್‌ದು ಒಂದು ತಮಾಷೆ ಇದೆ ಅಕ್ಕಾ. ಇಂಟೆಲ್‌ನ ಐ5-12400 ಒಂದು, ಐ5-12400ಎಫ್ ಇನ್ನೊಂದು. ಎಫ್ ಇರೋದು ಸ್ವಲ್ಪ ಅಗ್ಗ. ಅಗ್ಗ ಅಂತ ತಂದು, ಎಲ್ಲ ಜೋಡಿಸಿ, ಸ್ವಿಚ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು! ಎಫ್ ಅಂದ್ರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇರೆ ಹಾಕಲೇಬೇಕು. ಎಎಂಡಿಯ ರೈಜನ್ 5 5600ಜಿ ಇದೆಯಲ್ಲ, ಅದರಲ್ಲಿ ಜಿ ಇದ್ದರೆ ಗ್ರಾಫಿಕ್ಸ್ ಒಳಗೇ ಇದೆ ಅಂತ. ಆರು ಕೋರು, 65 ವ್ಯಾಟು. ನಿಮ್ಮ ಮಗ ಓದೋದಕ್ಕೆ, ಕೋಡ್ ಬರೆಯೋದಕ್ಕೆ, ನಿಮ್ಮ ಯಜಮಾನರ ನುಡಿ ಟೈಪಿಂಗಿಗೆ ಧಾರಾಳವಾಯ್ತು. ಕಾರ್ಡ್ ಬೇಕಾದ್ರೆ ಮುಂದೆ ಹಾಕ್ಕೊಳ್ಳಲಿ, ಆ ಲೆಕ್ಕ ಇಟ್ಟುಕೊಂಡೇ ಎಸ್‌ಎಂಪಿಎಸ್ 550 ವ್ಯಾಟಿಂದು ತರಲಿ.

ರ‍್ಯಾಮ್ ಬೆಲೆ ಕೇಳಿ ನೀವು ಬೆಚ್ಚಿಬಿದ್ರಂತೆ. 2025ರ ಕೊನೆಯಿಂದ ಏರಿದ್ದು ಅದು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಸುರೀತಿದ್ದಾರೆ, ಅದರ ಬಿಸಿ ದುರ್ಗದವರೆಗೂ ಬಂತು. ಆದ್ರೂ ಒಂದೇ 16 ಜಿಬಿ ಬದಲು 8ರದ್ದು ಎರಡು ಹಾಕಲಿ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನ ಬಳಸ್ಕೊಳ್ಳುತ್ತೆ, ಎರಡು ದಾರಿಯಿದ್ರೆ ಅದಕ್ಕೆ ಸಲೀಸು. 5600ಜಿಗೆ ಡಿಡಿಆರ್4 ಮಾತ್ರ ಆಗುತ್ತೆ ಅನ್ನೋದು ನೆನಪಿರಲಿ. ಡಿಡಿಆರ್5ಗೂ ಪಿನ್ನು ಅಷ್ಟೇ, 288. ಆದರೆ ನಡುವಿನ ಕಚ್ಚು ಬೇರೆ ಕಡೆ ಇರುತ್ತೆ, ಒತ್ತಿದ್ರೆ ಕೂರಲ್ಲ.

ಕರೆಂಟು ಹೋದಾಗ ಆಸರೆಗೆ ಯುಪಿಎಸ್ ಬೇಕಲ್ಲ, 600 ವಿಎದು ಸಾಕು. 600 ಅಂದ್ರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ಇರುತ್ತೆ. ಕಾರ್ಡ್ ಇಲ್ಲದ ಈ ಮೆಷೀನು, ಮಾನಿಟರ್ ಸೇರಿ ಅದರ ಅರ್ಧ ಮುಟ್ಟಿದ್ರೆ ಹೆಚ್ಚು.

ಸಾಮಾನು ತರೋಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿಬರ್ತೀನಿ ಅಂತಿದ್ದಾನೆ. ಹೋಗಲಿ, ಭಾನುವಾರ ಬಿಟ್ಟು ಹೋಗಲಿ. ಆ ಇಕ್ಕಟ್ಟು ಬೀದೀಲಿ ನಾಲ್ಕಂಗಡಿ ಸುತ್ತಿ ಬೆಲೆ ಕೇಳೋದೂ ಒಂದು ಓದೇ. ಜಿಎಸ್‌ಟಿ ಬಿಲ್ ಹಾಕಿಸ್ಕೊಳ್ಳದೆ ಏನೂ ತರಬೇಡ ಅನ್ನಿ. ಬಿಲ್ ಇಲ್ಲದೆ ವಾರಂಟಿ ಕೇಳೋಕೆ ಹೋದ್ರೆ ಬರಿಗೈ. ಪ್ರೊಸೆಸರ್, ಬೋರ್ಡು, ರ‍್ಯಾಮ್ ಬ್ಯಾಗಲ್ಲಿ ಬರ್ತವೆ. ಎಸ್‌ಎಂಪಿಎಸ್, ಮಾನಿಟರ್ ಮಾತ್ರ ಇಲ್ಲೇ ನಮ್ಮೂರಲ್ಲಿ ತಗೊಳ್ಳಿ, ನೂರು ಇನ್ನೂರು ಜಾಸ್ತಿಯಾದ್ರೂ ಆಗಲಿ. ಕೆಟ್ಟರೆ ಹೋಗಿ ಕೇಳೋಕೆ ಒಂದು ಅಂಗಡಿ ಹತ್ತಿರ ಇರಬೇಕು. ಮಾನಿಟರ್ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ಇನ್ನೂರು ಕಿಲೋಮೀಟರ್ ಯಾರು ಕೂರ್ತಾರೆ, ಅಲ್ವಾ?