ಗಗನವಿಹಾರಿ ಅಳಿಯನ ಲೋಕಾಭಿಪ್ರಾಯ

ಖಾಸಗಿ ಪೈಲಟ್ ಪರವಾನಗಿಯೆಂದರೆ, ಕನಿಷ್ಠ 40 ಗಂಟೆಗಳ ಹಾರಾಟ ಪೂರೈಸಿದವರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುವ, ವಿಮಾನ ಹಾರಿಸಲು ಅವಕಾಶವಿದ್ದರೂ ಅದಕ್ಕಾಗಿ ಸಂಬಳವನ್ನಾಗಲಿ ಬಾಡಿಗೆಯನ್ನಾಗಲಿ ಪಡೆಯಲು ಬಿಡದ ಅನುಮತಿಪತ್ರ. ಅಭಿಪ್ರಾಯ ಹೇಳುವುದಕ್ಕೆ ಮಾತ್ರ ಅದರಲ್ಲಿ ಯಾವ ನಿರ್ಬಂಧವೂ ಇಲ್ಲ. ಮೈಸೂರಿನ ಮಂಡಕಳ್ಳಿಯಿಂದ ಸಂಸಾರಸಮೇತ ಮೇಲೇರಿದ ಇಂತಹ ಪರವಾನಗಿದಾರನೊಬ್ಬನು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿಯೇ, ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹರಿಸಬೇಕೆಂದ 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ಕಿಟಕಿಯಿಂದಲೇ ಪರಿಶೀಲಿಸಿ ಮುಗಿಸಿದ್ದನು.

“ಮೇಲಿಂದ ನೋಡಿದರೆ ಕಟ್ಟೆಯಲ್ಲಿ ನೀರು ಬೇಕಾದಷ್ಟಿದೆ ಅತ್ತೆ, ಈ ರೈತರು ಸುಮ್ಮನೆ ಹೆದ್ದಾರಿ ತಡೀತಾರೆ.”

“ಮೇಲಿಂದ ಆಳ ಕಾಣ್ತದಾ ಅಳಿಯಂದ್ರೇ? ಕನ್ನಂಬಾಡಿ 124.80 ಅಡಿ ತುಂಬಿದ್ರೂ ನಮ್ಮ ನಾಗಮಂಗಲದ ರಾಗಿಹೊಲ ಮಳೇನೇ ಕಾಯ್ಬೇಕು.”

ಪಾಂಡವಪುರದ ಬಳಿ, ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯಿಂದ ವಿವಾದಕ್ಕೊಳಗಾದ ಬೇಬಿ ಬೆಟ್ಟದ ಕಲ್ಲುಗಣಿಗಳು ಕಂಡವು.

“ಅದೇನಪ್ಪಾ?”

“ಅಭಿವೃದ್ಧಿ, ಪುಟ್ಟಿ.”

“ಅಭಿವೃದ್ಧಿ ಯಾಕೆ ಗುಂಡಿ ಥರ ಇದೆ?”

ಕೃಷ್ಣರಾಜಪೇಟೆಯ ಮೇಲೆ ಇಡ್ಲಿಡಬ್ಬಿ ತೆರೆದುದರಿಂದ ಆ ತಾಲ್ಲೂಕು ಯಾವ ಅಭಿಪ್ರಾಯಕ್ಕೂ ಗುರಿಯಾಗದೆ ಪಾರಾಯಿತು.

“ರೀ, ಬಾಡಿಗೆ ತಗೊಳ್ಳೋ ಹಾಗಿಲ್ಲ ಅಂತೀರಿ, ಪೆಟ್ರೋಲಿಗೆ ದುಡ್ಡು?” ಎಂದು ಹೆಂಡತಿ ಕೇಳಿದಳು.

“ಕಾರ್ಖಾನೆಯವರು ಕಬ್ಬಿನ ಬಾಕಿ ಕೊಟ್ಟ ದಿನ ನಿಮ್ಮಪ್ಪ ಕೊಡ್ತಾರೆ.”

“ಹಾಗಾದ್ರೆ ಈಗ್ಲೇ ಇಳಿಸಿ,” ಎಂದರು ಅತ್ತೆ.