ರಾಯರ ವಿಶ್ವಪಾಕ

ರಾಯರ ಮನೆಯ ಫ್ರಿಜ್ಜಿನ ಬಾಗಿಲು ತೆಗೆಯಲು ಎರಡೂ ಕೈ ಬೇಕು. ಒಂದು ಬಾಗಿಲಿಗೆ, ಇನ್ನೊಂದು ಬೀಳುವ ಬಾಟಲಿ ಹಿಡಿಯುವುದಕ್ಕೆ. ತಹೀನಿ, ಮಿಸೊ, ಥಾಯ್ ಕರಿ ಪೇಸ್ಟು, ಗೋಚುಜಾಂಗ್ ಎಂಬ ಕೊರಿಯಾದ ಕೆಂಪು ಡಬ್ಬಿ. ರಾಯರ ಲೆಕ್ಕದ ಪ್ರಕಾರ ಎಲ್ಲದರಲ್ಲೂ ಒಂದೊಂದು ಚಮಚ ಮಾತ್ರ ಖರ್ಚಾಗಿದೆ. ರೆಸಿಪಿ ಕೇಳುವುದು ಒಂದು ಚಮಚ, ಅಂಗಡಿಯವನು ಕೊಡುವುದು ಅರ್ಧ ಕೇಜಿ. ಉಳಿದ ಬಾಕಿಯನ್ನು ಈ ನಿವೃತ್ತ ಬ್ಯಾಂಕ್ ಅಧಿಕಾರಿ ವಸೂಲಾಗದ ಸಾಲದ ಹಾಗೆ ಮುಂದಿನ ವರ್ಷಕ್ಕೆ ತಳ್ಳುತ್ತಾ ಬಂದಿದ್ದಾರೆ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಒಬ್ಬ ರಾಯರು ಸಿಗುತ್ತಾರೆ. ಸರ್ವಿಸಿನಲ್ಲಿದ್ದಷ್ಟು ಕಾಲ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ. ತಿಳಿಸಾರು ತಣ್ಣಗಾಯಿತು ಎಂದು ಹೇಳುವುದಷ್ಟೇ ಅವರ ಪಾಕಶಾಸ್ತ್ರವಾಗಿತ್ತು. ಮಗಳ ಬಾಣಂತನಕ್ಕೆಂದು ದಂಪತಿ ನ್ಯೂಜೆರ್ಸಿಗೆ ಹೋದರು. ಹೆಂಡತಿ ಬಾಣಂತನ ಮಾಡಿದರು, ರಾಯರು ಅಂಗಡಿ ನೋಡಿದರು. ವಾಪಸು ಬಂದವರು ಮೊದಲಿನ ರಾಯರಾಗಿ ಉಳಿಯಲಿಲ್ಲ.

ಈಗ ವಾರಕ್ಕೊಮ್ಮೆ ಕೈಚೀಲ ಹಿಡಿದು ಹೊರಡುತ್ತಾರೆ. ಕೊರಿಯಾದ ಸಾಮಾನಿಗೆ ಕಮ್ಮನಹಳ್ಳಿ, ಕಲ್ಯಾಣನಗರದ ಕಡೆ. ಈಶಾನ್ಯ ರಾಜ್ಯಗಳ ಸಾಮಾನಿಗೆ ಈಜಿಪುರ. ಹೆಸರೇ ಗೊತ್ತಿಲ್ಲದ ಸೊಪ್ಪಿಗೆ ರಸೆಲ್ ಮಾರ್ಕೆಟ್ಟು. ಹೆಂಡತಿಯೂ ಜೊತೆಗೆ ಹೋಗುತ್ತಾರೆ, ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ ಎಂಬ ಒಂದೇ ಕಾರಣಕ್ಕೆ. ರಾಯರು ಒಳಗೆ ಡಬ್ಬಿ ಓದುವಷ್ಟು ಹೊತ್ತಿನಲ್ಲಿ ಆಕೆ ಹೊರಗೆ ಹೂವು, ವೀಳ್ಯದೆಲೆ, ಒಂದು ಬ್ಲೌಸ್ ಪೀಸು, ಎಲ್ಲ ಮುಗಿಸಿಕೊಂಡು ಬಂದಿರುತ್ತಾರೆ.

ಡಬ್ಬಿ ಓದಲು ಅಷ್ಟು ಹೊತ್ತು ಏಕೆಂದರೆ, ರಾಯರು ಶುದ್ಧ ಸಸ್ಯಾಹಾರಿ. ಲೋಕದ ಅಡುಗೆಯೆಲ್ಲ ಬೇಕು, ಲೋಕದ ಮೀನು ಬೇಡ. ಇದೆಷ್ಟು ಕಷ್ಟ ಎಂಬುದು ಭೂತಗನ್ನಡಿ ಹಿಡಿದು ಲೇಬಲ್ ಓದಿದವರಿಗೇ ಗೊತ್ತು. ಕಿಮ್ಚಿಯಲ್ಲಿ ಎಲೆಕೋಸು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಸವರಿದ ಉಪ್ಪುಸೀಗಡಿ ಕಾಣುವುದಿಲ್ಲ. ಥಾಯ್ ಪೇಸ್ಟಿನಲ್ಲೂ ಅದೇ ಸೀಗಡಿ ಬೇರೆ ವೇಷದಲ್ಲಿ ಕೂತಿರುತ್ತದೆ. ವೂಸ್ಟರ್ ಸಾಸಿನ ಮೂಲ ಪಾಕದಲ್ಲಿ ಆಂಚೊವಿ ಮೀನು. ಇಲ್ಲಿಯ ಆಮದುದಾರರು ಹಸಿರು ಚುಕ್ಕೆಯ ಸ್ಟಿಕ್ಕರನ್ನೇನೋ ಅಂಟಿಸುತ್ತಾರೆ, ಆದರೆ ಸರಿಯಾಗಿ ಅಡುಗೆ ಮಾಡುವ ವಿಧಾನದ ಮೇಲೆ. ಇನ್ನು ಇಟಲಿಯ ಅಸಲಿ ಪಾರ್ಮೆಸಾನ್ ಚೀಸು: ಅದರ ಹಾಲು ಒಡೆಯುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಈ ವಿಷಯ ರಾಯರಿಗೆ ತಿಳಿದದ್ದು ಪಾಸ್ತಾದ ತಟ್ಟೆ ಖಾಲಿಯಾದ ಮೇಲೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಹಾಗಾಗಿ ಕಿಮ್ಚಿಯನ್ನು ಮನೆಯಲ್ಲೇ ಹಾಕುವುದೆಂದಾಯಿತು. ಸೀಗಡಿಯ ಜಾಗದಲ್ಲಿ ಸೋಯಾ ಸಾಸು, ಪಾತ್ರೆ ಮಾವಿನಮಿಡಿಯ ಜಾಡಿ. ಕೊರಿಯಾದವರು ಅದನ್ನು ಹಾಕುವುದು ಚಳಿಗಾಲದ ಬಾಗಿಲಿನಲ್ಲಿ, ರಾಯರು ಹಾಕಿದ್ದು ಏಪ್ರಿಲ್ಲಿನಲ್ಲಿ. ಎರಡನೆಯ ರಾತ್ರಿಯೇ ಹುಳಿ ಉಕ್ಕಿ, ಮುಚ್ಚಳ ಠಪ್ಪೆಂದು ಹಾರಿ, ಕೆಂಪು ನೀರು ದೇವರ ಗೂಡಿನ ತನಕ ಹೋಯಿತು. ನೆಲ ಒರೆಸುತ್ತಿದ್ದ ಹೆಂಡತಿಗೆ ರಾಯರು ಸಮಾಧಾನ ಹೇಳಿದರು: "ನೋಡೇ, ಊರವರೆಲ್ಲ ಸೇರಿ ಕಿಮ್ಚಿ ಹಾಕೋ ಪದ್ಧತೀನ ಯುನೆಸ್ಕೊದವರು 2013ರಲ್ಲಿ ಪರಂಪರೆ ಪಟ್ಟೀಲಿ ಸೇರಿಸಿದ್ದಾರೆ."

"ಹೌದೇನ್ರೀ? ನಾನು ಮದುವೆಯಾದಾಗಿನಿಂದ ಒಬ್ಬಳೇ ಮಿಡಿ ಹಾಕ್ತಾ ಇದ್ದೀನಿ. ಯಾವ ಪಟ್ಟಿಯವರೂ ಈ ಕಡೆ ಬರಲಿಲ್ಲವಲ್ಲ."

ಕಿಮ್ಚಿ ಮನೆಯೊಳಗಿನ ವಿಷಯ. ನಾಗಾಲ್ಯಾಂಡಿನ ಅಖುನಿ ಅಪಾರ್ಟ್‌ಮೆಂಟಿನ ವಿಷಯವಾಯಿತು. ಸೋಯಾಕಾಳನ್ನು ಬೇಯಿಸಿ ಎಲೆಯಲ್ಲಿ ಕಟ್ಟಿ ಹುದುಗಿಸಿದ ಪದಾರ್ಥ ಅದು. ಪೊಟ್ಟಣ ಬಾಣಲೆಗೆ ಬಿದ್ದ ಹತ್ತು ನಿಮಿಷದಲ್ಲಿ ಮೂರನೇ ಮಹಡಿಯವರು ಗ್ಯಾಸ್ ಸಿಲಿಂಡರ್ ಮುಚ್ಚಿದರು. ನಾಲ್ಕನೆಯವರು ಚರಂಡಿ ಕಟ್ಟಿದೆಯೆಂದು ವಾಟ್ಸಾಪಿನಲ್ಲಿ ಬರೆದರು. ಕಾರ್ಯದರ್ಶಿ ಟಾರ್ಚು ಹಿಡಿದು ಮೆಟ್ಟಿಲು ಇಳಿದರು. ಆ ವಾಸನೆಗೆ ಮುಖ ಅರಳಿದ್ದು ಒಬ್ಬನದೇ, ಗೇಟಿನ ಸೆಕ್ಯುರಿಟಿ ಹುಡುಗನದು. ಅವನದು ಪೂರ್ವ ನೇಪಾಳ. ಅವನ ಊರಿನಲ್ಲೂ ಸೋಯಾಕಾಳನ್ನು ಹೀಗೇ ಹುದುಗಿಸಿ ಕಿನೆಮಾ ಮಾಡುತ್ತಾರೆ. ಬಾಗಿಲು ತಟ್ಟಿ, ಸಂಕೋಚದಿಂದ ಒಳಗೆ ಇಣುಕಿ, ಡಬ್ಬಿ ತುಂಬ ತೆಗೆದುಕೊಂಡು ಹೋದ. ಅಂದಿನಿಂದ ರಾಯರ ಕಾರಿಗೆ ಮಾತ್ರ ಸಲ್ಯೂಟು. ಅಧ್ಯಕ್ಷರ ಕಾರಿಗೂ ಅದಿಲ್ಲ.

ರಾಯರ ಊಟಕ್ಕೆ ಹೋಗುವವರು ಮನೆಯಲ್ಲಿ ಎರಡು ತುತ್ತು ಮೊಸರನ್ನ ಮುಗಿಸಿ ಹೋಗುವುದು ರೂಢಿ. ಬಡಿಸುವ ಮುಂಚೆ ಭಾಷಣವಿರುತ್ತದೆ. ಕಳೆದ ಸಲ ಅವರ ಸೋದರತ್ತೆ ತಟ್ಟೆಯನ್ನು ಒಂದು ಬೆರಳಿನಿಂದ ದೂರ ಸರಿಸಿದ್ದೇ ತಡ, ಶುರುವಾಯಿತು: "ಅತ್ತೆ, ಪರದೇಶದ್ದು ಅಂತ ಯಾಕೆ ಮುಖ ಸಿಂಡರಿಸ್ತೀರಿ? ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು. ಆಲೂಗಡ್ಡೆ, ಟೊಮೆಟೊ ಎಲ್ಲ ಅಮೆರಿಕಾ ಖಂಡದ್ದು."

"ಗೊತ್ತು ಕಣೋ. ಅದಕ್ಕೇ ತಿಥಿ ದಿನ ಹಾಕೋದಿಲ್ಲ."

ರಾಯರು ಕೂಡಲೇ ಸೌಟು ಹಿಡಿದು ಬಡಿಸಲು ಎದ್ದರು.

ಇತ್ತೀಚೆಗೆ ಆ ಕೊರಿಯಾದ ಕೆಂಪು ಡಬ್ಬಿ ದಿನದಿನಕ್ಕೂ ಹಗುರವಾಗುತ್ತಿದೆ. ರಾಯರು ಇನ್ನೂ ಗಮನಿಸಿಲ್ಲ. ದುಡ್ಡು ಕೊಟ್ಟದ್ದನ್ನು ಹೇಗೆ ಎಸೆಯುವುದೆಂದು ಹೆಂಡತಿ ಒಂದು ದಿನ ಗೊಜ್ಜವಲಕ್ಕಿಗೆ ಹುಣಸೆರಸ, ಬೆಲ್ಲದ ಜೊತೆ ಎರಡು ಚಮಚ ಗೋಚುಜಾಂಗ್ ಕಲೆಸಿದರಂತೆ. ಈಗ ಸಾರಿನ ಪುಡಿಯ ಡಬ್ಬದ ಪಕ್ಕದಲ್ಲೇ ಅದಕ್ಕೂ ಜಾಗ ಸಿಕ್ಕಿದೆ. ಮೊನ್ನೆ ನಾವೆಲ್ಲ ಕೂತಿದ್ದಾಗ ರಾಯರು ಗೊಜ್ಜವಲಕ್ಕಿಯನ್ನು ಎರಡನೇ ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ ಅಂದರು: "ಏನೇ ಹೇಳಿ, ಎಷ್ಟು ದೇಶದ್ದು ತಿಂದರೂ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ರುಚಿ ಯಾವುದಕ್ಕೂ ಬರೋದಿಲ್ಲ."

"ಇನ್ನೂ ಸ್ವಲ್ಪ ಹಾಕಲೇನ್ರೀ?" ಎಂದರು ಹೆಂಡತಿ.